ಸರ್‌ಕ್ಲಿಪ್: ಯಾವ ಮುಖ ಯಾವ ಕಡೆಗೆ?

ಬೇರಿಂಗ್, ಗೇರ್ ಮುಂತಾದ ಭಾಗಗಳು ಶಾಫ್ಟ್‌ನಿಂದ ಜಾರದಂತೆ ತಡೆಯುವ ಉಕ್ಕಿನ ತೆರೆದ ಬಳೆಯೇ ಸ್ನ್ಯಾಪ್ ರಿಂಗ್. ಗ್ಯಾರೇಜುಗಳಲ್ಲಿ ಇದು ಸರ್‌ಕ್ಲಿಪ್ ಎಂದೇ ಪರಿಚಿತ. ಶಾಫ್ಟ್‌ನ ಮೇಲೆ ಕೂರುವ ಹೊರ ಮಾದರಿಗೆ ಡಿಐಎನ್ 471, ರಂಧ್ರದೊಳಗೆ ಕೂರುವ ಒಳ ಮಾದರಿಗೆ ಡಿಐಎನ್ 472 ಎಂಬ ಜರ್ಮನ್ ಮಾನಕಗಳಿವೆ. ಅಲ್ಪ ಬೆಲೆಯ ಈ ಬಳೆಯನ್ನು ತಪ್ಪಾಗಿ ಕೂರಿಸಿದರೆ ಇಡೀ ಯಂತ್ರಕ್ಕೇ ಧಕ್ಕೆಯಾಗಬಹುದು.

ಎರಡು ಮುಖ ಒಂದೇ ಅಲ್ಲ

ಈ ಬಗೆಯ ಸರ್‌ಕ್ಲಿಪ್‌ಗಳನ್ನು ಉಕ್ಕಿನ ತಗಡಿನಿಂದ ಅಚ್ಚಿನಲ್ಲಿ ಒತ್ತಿ ಕತ್ತರಿಸಲಾಗುತ್ತದೆ. ಆಗ ಒಂದು ಮುಖದ ಅಂಚು ತುಸು ದುಂಡಗಾಗುತ್ತದೆ, ಇನ್ನೊಂದರ ಅಂಚು ಚೂಪಾಗಿ ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಅಂಚಿನ ಮೇಲೆ ಉಗುರು ಆಡಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ದುಂಡು ಅಂಚು ತಡೆಹಿಡಿಯಬೇಕಾದ ಭಾಗದ ಕಡೆಗೂ, ಚೂಪು ಅಂಚು ಅದರ ವಿರುದ್ಧ ದಿಕ್ಕಿಗೂ ಇರಬೇಕು. ಬೇರಿಂಗ್ ತಳ್ಳಿದಾಗ ಸರ್‌ಕ್ಲಿಪ್ ತಾನು ಕೂತ ತೋಡಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಅಲ್ಲಿ ಚೂಪು ಅಂಚಿದ್ದರೆ ತೋಡಿನ ಪೂರ್ಣ ಆಳದ ಆಸರೆ ಸಿಗುತ್ತದೆ. ದುಂಡು ಅಂಚಿದ್ದರೆ ಆಸರೆ ಕಡಿಮೆಯಾಗಿ, ಹೊರೆ ಹೆಚ್ಚಿದಾಗ ಬಳೆ ವಾಲಿ ತೋಡಿನಿಂದ ಮೇಲೇರುತ್ತದೆ.

ಪಿಸ್ಟನ್‌ನ ಮಾತೇ ಬೇರೆ

ಪಿಸ್ಟನ್ ಪಿನ್ನನ್ನು ಹಿಡಿದಿಡುವ ತಂತಿ ಸರ್‌ಕ್ಲಿಪ್‌ಗೆ ಇಂಥ ಮುಖಭೇದವಿಲ್ಲ. ಇಲ್ಲಿ ಗಮನಿಸಬೇಕಾದದ್ದು ಬಾಯಿಯ ದಿಕ್ಕು. ಸಾಮಾನ್ಯವಾಗಿ ಅದು ನೇರ ಮೇಲಕ್ಕೆ ಅಥವಾ ಕೆಳಕ್ಕೆ ಇರಬೇಕು. ಬಾಯಿ ಪಕ್ಕಕ್ಕಿದ್ದರೆ, ಪಿಸ್ಟನ್ ಏರಿಳಿಯುವ ರಭಸಕ್ಕೆ ಬಳೆಯ ತುದಿಗಳು ಒಳಮುಖವಾಗಿ ಬಾಗಿ ತೋಡು ಬಿಡುವ ಅಪಾಯವಿದೆ. ಕ್ಲಿಪ್ ತೆಗೆಯಲೆಂದು ಪಿಸ್ಟನ್‌ನಲ್ಲಿ ಕೊರೆದ ಕಚ್ಚಿಗೂ ಬಾಯಿ ಸೇರಬಾರದು.

1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಟೂ-ಸ್ಟ್ರೋಕ್ ಬೈಕುಗಳನ್ನು ಇಂದಿಗೂ ಉಳಿಸಿಕೊಂಡವರು ಎಂಜಿನ್ ಬಿಚ್ಚಿದಾಗ ಈ ಮಾತನ್ನು ಮರೆಯಬಾರದು. ಕಳಚಿದ ಕ್ಲಿಪ್ ಸಿಲಿಂಡರ್ ಗೋಡೆಯನ್ನು ಗೀರಿ, ಓಡುತ್ತಿರುವಾಗಲೇ ಎಂಜಿನ್ ಹಿಡಿದುಕೊಂಡರೆ ಹಿಂದಿನ ಚಕ್ರ ಲಾಕ್ ಆಗಿ ಸವಾರ ಬೀಳಬಹುದು.

ಕೂರಿಸುವಾಗ

* ಸೂಕ್ತ ಅಳತೆಯ ಸರ್‌ಕ್ಲಿಪ್ ಪ್ಲೈಯರ್ ಬಳಸಿ. ಅಗತ್ಯಕ್ಕಿಂತ ಹೆಚ್ಚು ಅಗಲಿಸಿದ ಬಳೆ ಮತ್ತೆ ಮೊದಲಿನ ಆಕಾರಕ್ಕೆ ಬಾರದು.
* ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ. ಜಾರಿದ ಕ್ಲಿಪ್ ಗುಂಡಿನಂತೆ ಸಿಡಿಯುತ್ತದೆ.
* ತೋಡಿನಲ್ಲಿ ಕೊಳೆ ಇರಬಾರದು. ಕೂರಿಸಿದ ಬಳಿಕ ಬಳೆಯನ್ನು ಸುತ್ತ ತಿರುಗಿಸಿ, ಎಲ್ಲೆಡೆ ಪೂರ್ತಿ ಇಳಿದಿದೆಯೇ ನೋಡಿ. ಪಿಸ್ಟನ್ ಕ್ಲಿಪ್ಪಾದರೆ ಬಾಯಿಯನ್ನು ಮತ್ತೆ ಸರಿಯಾದ ದಿಕ್ಕಿಗೆ ತನ್ನಿ.
* ಒಮ್ಮೆ ತೆಗೆದ ಪಿಸ್ಟನ್ ಕ್ಲಿಪ್ ಮರುಬಳಕೆಗೆ ಬೇಡ.

ತಯಾರಕರ ಕೈಪಿಡಿಯಲ್ಲಿ ಬೇರೆ ಸೂಚನೆಯಿದ್ದರೆ ಅದೇ ಅಂತಿಮ. ವಾಹನವನ್ನು ಗ್ಯಾರೇಜಿಗೆ ಬಿಡುವವರು ಹೊಸ ಕ್ಲಿಪ್ ಹಾಕಿದ್ದಾರೆಯೇ, ಬಾಯಿ ಯಾವ ಕಡೆಗಿದೆ ಎಂದು ಕೇಳಿ ತಿಳಿಯುವುದು ಒಳಿತು.