ಪರದೆಯಿಲ್ಲದ ನಾಡಿನ ಚಿತ್ರೋತ್ಸವ

ಅಬ್ದುಲ್ಲಾ ಅಲ್ ಇಯಾಫ್ ಎಂಬ ಸೌದಿ ನಿರ್ದೇಶಕ 2006ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಹೆಸರು ‘ಸಿನಿಮಾ 500 ಕಿ.ಮೀ.’ ಥಿಯೇಟರುಗಳೇ ಇಲ್ಲದ ರಿಯಾದ್‌ನ ಸಿನಿಮಾ ಹುಚ್ಚಿನ ಯುವಕನೊಬ್ಬ ಜೀವನದಲ್ಲಿ ಮೊದಲ ಸಲ ಥಿಯೇಟರಿನಲ್ಲಿ ಕೂತು ಸಿನಿಮಾ ನೋಡಬೇಕೆಂದು ಗಡಿ ದಾಟಿ ಬಹ್ರೇನ್‌ಗೆ ಹೋಗುತ್ತಾನೆ. ಕಥೆ ಇಷ್ಟೇ. ದಮ್ಮಾಮ್, ಜುಬೈಲ್ ಕಡೆ ದುಡಿದ ನಮ್ಮ ಕರಾವಳಿಯವರಿಗೆ ಆ ದಾರಿಯ ಕೊನೆಯ ತುಂಡು ಚೆನ್ನಾಗಿ ಗೊತ್ತು: 1986ರಲ್ಲಿ ತೆರೆದ, ಸಮುದ್ರದ ಮೇಲೆ 25 ಕಿ.ಮೀ. ಹಾಯುವ ಕಿಂಗ್ ಫಹದ್ ಸೇತುವೆ. ವಾರದ ರಜೆಯಲ್ಲಿ ಅದರ ಮೇಲೆ ಸಾಲುಗಟ್ಟುತ್ತಿದ್ದ ಕಾರುಗಳಲ್ಲಿ ಸಿನಿಮಾ ನೋಡಲೆಂದೇ ಹೊರಟವರೂ ಇರುತ್ತಿದ್ದರು.

ಸೌದಿ ಮೊದಲಿನಿಂದಲೂ ಸಿನಿಮಾ ಕಾಣದ್ದೇನಲ್ಲ. ತೈಲ ಕಂಪನಿ ಅರಾಮ್ಕೊದ ವಸತಿಗಳಲ್ಲಿ ಚಿತ್ರಗಳು ಓಡುತ್ತಿದ್ದವು. ಜೆದ್ದಾದಲ್ಲಿ ಮನೆಯಂಗಳ, ಕ್ರೀಡಾ ಕ್ಲಬ್ಬುಗಳಲ್ಲಿ ಪ್ರೊಜೆಕ್ಟರ್ ಇಟ್ಟು ಈಜಿಪ್ಟಿನ ಚಿತ್ರ ತೋರಿಸುವುದಿತ್ತು. 1979ರ ನವೆಂಬರಿನಲ್ಲಿ ಬಂಡುಕೋರರು ಮೆಕ್ಕಾದ ಮಹಾಮಸೀದಿಯನ್ನು ವಶಪಡಿಸಿಕೊಂಡರು. ಬಂಡಾಯ ಅಡಗಿತು, ಆದರೆ ಆಳುವವರು ಸಂಪ್ರದಾಯವಾದಿಗಳ ಕಡೆ ಇನ್ನಷ್ಟು ವಾಲಿದರು. ಎಂಬತ್ತರ ದಶಕದ ಆರಂಭಕ್ಕೆ ಸಾರ್ವಜನಿಕ ಪ್ರದರ್ಶನಗಳೆಲ್ಲ ಬಂದ್.

ಥಿಯೇಟರ್ ಮುಚ್ಚಿದರೂ ಚಿತ್ರ ಮಾಡುವ ಚಪಲ ಸಾಯಲಿಲ್ಲ. ಮಾಡಿದ್ದನ್ನು ತೋರಿಸುವುದೆಲ್ಲಿ? ಹೊರನಾಡಿನ ಚಿತ್ರೋತ್ಸವಗಳಲ್ಲಿ. ಬೇರೆ ಕಡೆ ಚಿತ್ರೋತ್ಸವವೆಂದರೆ ಥಿಯೇಟರಿಗೆ ಹೋಗುವ ಮುಂಚಿನ ಮೆಟ್ಟಿಲು. ಸೌದಿ ನಿರ್ದೇಶಕರಿಗೆ ಅದೇ ಥಿಯೇಟರ್, ಅದೇ ಕೊನೆಯ ನಿಲ್ದಾಣ. ಈ ರೂಢಿಗೆ ನಿಷೇಧಕ್ಕಿಂತ ಹಳೆಯ ಬೇರೂ ಇದೆ. ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಬೈರೂತ್ ಕುರಿತು ಅಬ್ದುಲ್ಲಾ ಅಲ್ ಮುಹೈಸಿನ್ ಮಾಡಿದ ‘ಒಂದು ನಗರದ ಹತ್ಯೆ’ 1977ರಲ್ಲೇ ಕೈರೋ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತ್ತು.

ಹೊಸ ಪೀಳಿಗೆಗೆ ಬಾಗಿಲು ತೆರೆದದ್ದು ನೆರೆಯ ಎಮಿರೇಟ್ಸ್. ಅಬುಧಾಬಿಯಲ್ಲಿ 2001ರಲ್ಲಿ ಶುರುವಾದ ಎಮಿರೇಟ್ಸ್ ಫಿಲ್ಮ್ ಸ್ಪರ್ಧೆ, ದುಬೈನಲ್ಲಿ 2008ರಿಂದ ನಡೆದ ಗಲ್ಫ್ ಫಿಲ್ಮ್ ಫೆಸ್ಟಿವಲ್ ಎರಡೂ ಸಣ್ಣ ಕ್ಯಾಮೆರಾದಲ್ಲಿ ತೆಗೆದ ಕಿರುಚಿತ್ರಗಳನ್ನೂ ಕರೆದು ಕೂರಿಸಿದವು. ಸೌದಿ ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ಬೆಳೆದದ್ದು ಇಂಥ ವೇದಿಕೆಗಳಲ್ಲೇ. ಮುಂದೆ ಅವರು ರಿಯಾದ್‌ನಲ್ಲಿ ‘ವಜ್ದಾ’ ಚಿತ್ರೀಕರಿಸುವಾಗ, ಬೀದಿಯಲ್ಲಿ ಗಂಡಸರ ತಂಡದ ಜತೆ ನಿಲ್ಲುವಂತಿರಲಿಲ್ಲ. ವ್ಯಾನಿನೊಳಗೆ ಕೂತು, ಮಾನಿಟರ್ ನೋಡುತ್ತ, ವಾಕಿಟಾಕಿಯಲ್ಲಿ ನಟರಿಗೆ ಹೇಳಿಕೊಡಬೇಕಾಯಿತು. ಸೈಕಲ್ಲಿಗೆ ಆಸೆಪಡುವ ಹುಡುಗಿಯ ಆ ಚಿತ್ರ 2012ರಲ್ಲಿ ವೆನಿಸ್‌ನಲ್ಲಿ ತೆರೆಕಂಡಿತು. ಮರುವರ್ಷ ಸೌದಿ ಅದನ್ನು ಆಸ್ಕರ್ ಸ್ಪರ್ಧೆಗೆ ಅಧಿಕೃತವಾಗಿ ಕಳಿಸಿತು. ಊರಲ್ಲಿ ಒಂದು ಟಿಕೆಟ್ ಕೌಂಟರೂ ಇಲ್ಲದ ದೇಶ ಆಸ್ಕರ್ ಸಾಲಿನಲ್ಲಿ ನಿಂತದ್ದು ತಮಾಷೆಯೇ ಸರಿ.

ಒಳನಾಡಿನಲ್ಲಿ ಚಿತ್ರೋತ್ಸವ ಕಟ್ಟುವ ಸಾಹಸಗಳೂ ನಡೆದವು. ಜೆದ್ದಾದ ಉತ್ಸವವೊಂದು ಕೆಲವು ವರ್ಷ ಹೇಗೋ ನಡೆದು, 2009ರ ಜುಲೈನಲ್ಲಿ ಉದ್ಘಾಟನೆ ಇನ್ನೇನು ಅನ್ನುವಾಗ ರದ್ದಾಯಿತು. ದಮ್ಮಾಮ್‌ನಲ್ಲಿ ಸಂಸ್ಕೃತಿ ಮತ್ತು ಕಲಾ ಸಂಘದ ಆಸರೆಯಲ್ಲಿ ಕವಿ ಅಹ್ಮದ್ ಅಲ್ ಮುಲ್ಲಾ 2008ರಲ್ಲಿ ಸೌದಿ ಚಿತ್ರೋತ್ಸವ ಆರಂಭಿಸಿದರು. ಎರಡನೆಯ ಆವೃತ್ತಿ ಬಂದದ್ದು 2015ರಲ್ಲಿ! ಏಳು ವರ್ಷ ಕಾದೂ ಕೈಬಿಡದವರನ್ನು ಹಟಮಾರಿ ಅನ್ನದೆ ಬೇರೇನನ್ನಬೇಕು?

ಆ ಏಳು ವರ್ಷದ ಖಾಲಿ ಜಾಗವನ್ನು ತುಂಬಿದ್ದು ಇಂಟರ್‌ನೆಟ್. ಬದ್ರ್ ಅಲ್ ಹಮೂದ್ ಅವರ ‘ಮೊನೊಪೊಲಿ’ 2011ರಲ್ಲಿ ಯೂಟ್ಯೂಬಿಗೆ ಬಂತು. ಮನೆ ಸಿಗದೆ ಒದ್ದಾಡುವ ಯುವಕರು, ನಿವೇಶನಗಳನ್ನು ಹಿಡಿದಿಟ್ಟುಕೊಂಡವರು ಅದರ ವಸ್ತು. ಲಕ್ಷಾಂತರ ಜನ ನೋಡಿದರು. ಅದೇ ವರ್ಷ ಅಲಿ ಕಲ್ತಮಿ ಮತ್ತು ಗೆಳೆಯರು ರಿಯಾದ್‌ನಲ್ಲಿ ಯೂಟ್ಯೂಬ್ ವಿಡಿಯೊಗಳನ್ನು ಮಾಡುವ ‘ತೆಲ್ಫಾಜ್ 11’ ತಂಡ ಕಟ್ಟಿದರು.

ಇಲ್ಲೊಂದು ಇಕ್ಕಟ್ಟಿತ್ತು. ದೊಡ್ಡ ಚಿತ್ರೋತ್ಸವಗಳಿಗೆ ‘ಪ್ರೀಮಿಯರ್’ ಬೇಕು, ಅಂದರೆ ಚಿತ್ರವನ್ನು ಬೇರೆಲ್ಲೂ ಯಾರೂ ನೋಡಿರಬಾರದು. ಯೂಟ್ಯೂಬಿಗೆ ಹಾಕಿದರೆ ಊರಿನ ಪ್ರೇಕ್ಷಕ ಸಿಗುತ್ತಾನೆ, ಉತ್ಸವ ಕೈತಪ್ಪುತ್ತದೆ. ಹಾಕದಿದ್ದರೆ ಹೊರಗಿನವರು ಮೆಚ್ಚಬಹುದು, ಅಮ್ಮನ ಹೊರತು ಊರಲ್ಲಿ ಯಾರೂ ನೋಡುವುದಿಲ್ಲ. ಬಹಳ ಮಂದಿ ನಡುವಿನ ದಾರಿ ಹಿಡಿದರು: ಪಾಸ್‌ವರ್ಡ್ ಹಾಕಿದ ವಿಮಿಯೊ ಲಿಂಕ್ ಒಂದನ್ನು ಇಟ್ಟುಕೊಂಡು ವರ್ಷಗಟ್ಟಲೆ ಉತ್ಸವಗಳ ಸುತ್ತು ಮುಗಿಸುವುದು, ಆಮೇಲೆ ಎಲ್ಲರಿಗೂ ಬಿಡುವುದು. ಹಿಂದೆ ಡಿವಿಡಿ ಸುಟ್ಟು ಕೊರಿಯರ್ ಮಾಡಬೇಕಿದ್ದ ಕೆಲಸ, ‘ವಿದೌಟ್‌ಅಬಾಕ್ಸ್’, 2014ರಲ್ಲಿ ಬಂದ ‘ಫಿಲ್ಮ್‌ಫ್ರೀವೇ’ ಥರದ ತಾಣಗಳಿಂದ ಒಂದು ಅರ್ಜಿ, ಒಂದು ಲಿಂಕ್, ಒಂದಿಷ್ಟು ಡಾಲರ್ ಶುಲ್ಕಕ್ಕೆ ಇಳಿಯಿತು. ಹತ್ತು ಉತ್ಸವಕ್ಕೆ ಅರ್ಜಿ ಹಾಕಿದರೆ ಹತ್ತು ಸಲ ಶುಲ್ಕ ಎಂಬುದು ಬೇರೆ ಮಾತು.

2017ರ ಡಿಸೆಂಬರಿನಲ್ಲಿ ನಿಷೇಧ ತೆರವಾಯಿತು. 2018ರ ಏಪ್ರಿಲ್ 18ರಂದು ರಿಯಾದ್‌ನಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಓಡಿತು. ಜೂನ್‌ನಲ್ಲಿ ರಜನೀಕಾಂತರ ‘ಕಾಲಾ’ ಕೂಡ ಅಲ್ಲಿ ತೆರೆಕಂಡಿತು. ಇನ್ನು ಸ್ವಂತ ದೊಡ್ಡ ಉತ್ಸವದ ಸರದಿ. ಜೆದ್ದಾದ ರೆಡ್ ಸೀ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ 2020ರ ಮಾರ್ಚ್ ನಿಗದಿಯಾಗಿತ್ತು. ಕೊರೊನಾ ಬಂತು, ಉತ್ಸವ ನಿಂತಿತು. ಮೊದಲ ಆವೃತ್ತಿ ನಡೆದದ್ದು 2021ರ ಡಿಸೆಂಬರಿನಲ್ಲಿ.

ಅಲ್ ಮುಲ್ಲಾ ಅವರ ತಂಡ ಮಾತ್ರ ಕಾಯಲಿಲ್ಲ. ಸೌದಿ ಚಿತ್ರೋತ್ಸವದ ಆರನೆಯ ಆವೃತ್ತಿ 2020ರ ಸೆಪ್ಟೆಂಬರ್ 1ರಿಂದ 6ರವರೆಗೆ ಪೂರ್ತಿ ಆನ್‌ಲೈನ್‌ನಲ್ಲೇ, ಯೂಟ್ಯೂಬ್ ನೇರಪ್ರಸಾರದಲ್ಲಿ ನಡೆಯಿತು. ಆ ವರ್ಷ ಜಗತ್ತಿನ ಹೆಸರಾಂತ ಉತ್ಸವಗಳೂ ಇದೇ ದಾರಿ ಹಿಡಿದಿದ್ದವು. ನ್ಯೂಯಾರ್ಕಿನ ಟ್ರೈಬೆಕಾ ಮುಂದಾಳತ್ವದಲ್ಲಿ 21 ಉತ್ಸವಗಳು ಸೇರಿ ಮೇ 29ರಿಂದ ಹತ್ತು ದಿನ ಯೂಟ್ಯೂಬಿನಲ್ಲೇ ‘ವಿ ಆರ್ ಒನ್’ ನಡೆಸಿದ್ದವು. ಅವರಿಗೆ ಅದು ಆಪದ್ಧರ್ಮ. ದಮ್ಮಾಮ್‌ನವರ ಪ್ರೇಕ್ಷಕನಾದರೋ ಹತ್ತು ವರ್ಷದಿಂದ ಫೋನಿನ ಪರದೆಯಲ್ಲೇ ಇದ್ದ. ಅವರು ಹೊಸದಾಗಿ ಕಲಿಯಬೇಕಾದದ್ದು ಕಡಿಮೆ.

ಅಲ್ಲಿಂದೀಚೆಗೆ ಗಾಳಿ ಬದಲಾಗಿದೆ. 2020ರಲ್ಲೇ ಸರ್ಕಾರದ ಫಿಲ್ಮ್ ಕಮಿಷನ್ ಬಂತು, ರೆಡ್ ಸೀ ಉತ್ಸವದ ನಿಧಿಯಿಂದ ಹಣ ಹರಿಯಿತು. ಯೂಟ್ಯೂಬಿನಲ್ಲಿ ನಗಿಸುತ್ತಿದ್ದ ಕಲ್ತಮಿಯ ‘ಮಂದೂಬ್’ 2023ರಲ್ಲಿ ಟೊರಾಂಟೊಗೆ ಹೋಯಿತು. 2024ರ ಮೇ ತಿಂಗಳಲ್ಲಿ ತೌಫೀಕ್ ಅಲ್ ಝೈದಿ ಅವರ ‘ನೋರಾ’ ಕಾನ್ ಉತ್ಸವದ ಅಧಿಕೃತ ಆಯ್ಕೆಗೆ ಸೇರಿದ ಮೊದಲ ಸೌದಿ ಚಿತ್ರವಾಗಿ ವಿಶೇಷ ಮನ್ನಣೆ ಪಡೆಯಿತು. ಸರ್ಕಾರವೇ ಹಣ ಕೊಟ್ಟು, ಸರ್ಕಾರವೇ ಸೆನ್ಸಾರ್ ಮಾಡಿ, ಸರ್ಕಾರದ ಉತ್ಸವದಲ್ಲೇ ತೆರೆಕಾಣುವ ಚಿತ್ರವನ್ನು ಸ್ವತಂತ್ರ ಅನ್ನಬಹುದೇ ಎಂಬ ಪ್ರಶ್ನೆ ಈಗ ಎದ್ದಿದೆ. ಜೇಬಿನ ಕಾಸು ಹಾಕಿ ‘ಮೊನೊಪೊಲಿ’ಯಂಥದ್ದನ್ನು ಮಾಡುವ ಕಾಲದಲ್ಲಿ ಈ ಪ್ರಶ್ನೆ ಕೇಳುವ ಪ್ರಮೇಯವೇ ಇರಲಿಲ್ಲ.