ಮ್ಯಾನುಫ್ಯಾಕ್ಚರ್

ಕಚ್ಚಾವಸ್ತುವಿನಿಂದ ದೊಡ್ಡ ಪ್ರಮಾಣದಲ್ಲಿ, ಬಹುಮಟ್ಟಿಗೆ ಯಂತ್ರದ ನೆರವಿನಿಂದ ಸರಕು ತಯಾರಿಸುವುದನ್ನು ಸೂಚಿಸುವ ಇಂಗ್ಲಿಷ್ ಪದ. ಇದರ ಹುಟ್ಟಿನಲ್ಲಿ ಮಾತ್ರ ಯಂತ್ರದ ಸುಳಿವೇ ಇಲ್ಲ. ಲ್ಯಾಟಿನ್ನಿನಲ್ಲಿ ‘ಮಾನುಸ್’ ಎಂದರೆ ಕೈ, ‘ಫಾಕೆರೆ’ ಎಂದರೆ ಮಾಡುವುದು. 16ನೆಯ ಶತಮಾನದಲ್ಲಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಪದ ಹೇಳುತ್ತಿದ್ದುದು ಕೈಕೆಲಸವನ್ನು, ಕೈಯಿಂದಾದ ವಸ್ತುವನ್ನು.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ‘ಮ್ಯಾನುಫ್ಯಾಕ್ಚರರ್’ ಎಂದರೆ ಕೆಲಸಗಾರ, ಕಸಬುದಾರ. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಬಹಳಷ್ಟು ಮ್ಯಾನುಫ್ಯಾಕ್ಚರರ್‌ಗಳನ್ನು ಕೆಲಸಕ್ಕಿಟ್ಟುಕೊಂಡವನು ಸಿರಿವಂತನಾಗುತ್ತಾನೆ ಎನ್ನುತ್ತಾನೆ; ಇಂದಿನ ಅರ್ಥ ಹಿಡಿದು ಓದಿದರೆ ಆ ಮಾತು ತಲೆಕೆಳಗಾಗುತ್ತದೆ. ಅವನು ವರ್ಣಿಸುವ ಗುಂಡುಸೂಜಿಯ ಕಾರ್ಯಾಗಾರವೂ ಹೆಚ್ಚಾಗಿ ಕೈಗಳದ್ದೇ. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ನೆಟ್ಟಗೆ ಮಾಡುತ್ತಾನೆ, ಮತ್ತೊಬ್ಬ ಕತ್ತರಿಸುತ್ತಾನೆ. ಹೀಗೆ ಸುಮಾರು 18 ಹಂತಗಳ ಕೆಲಸವನ್ನು ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಿದ್ದರು.

ಅಷ್ಟರಲ್ಲಾಗಲೇ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಕಟ್ಟತೊಡಗಿದ್ದ. ಮುಂದೆ ಉಗಿಯಂತ್ರ ಬಂತು. ಗಿರಣಿಗಳ ಕಟ್ಟಾ ಸಮರ್ಥಕನಾಗಿದ್ದ ಆಂಡ್ರ್ಯೂ ಯೂರ್ 1835ರಲ್ಲಿ, ಈ ಪದ ಈಗ ತನ್ನ ಮೂಲಾರ್ಥಕ್ಕೆ ವಿರುದ್ಧವಾದುದನ್ನೇ ಹೇಳುತ್ತಿದೆ ಎಂದು ಗುರುತಿಸಿದ.

ಈ ಪಲ್ಲಟದಲ್ಲಿ ಹೆಚ್ಚು ಕಳೆದುಕೊಂಡವನು ಕೆಲಸಗಾರ. ಮ್ಯಾನುಫ್ಯಾಕ್ಚರರ್ ಎಂಬ ಹೆಸರು ಗಿರಣಿಯ ಒಡೆಯನ ಪಾಲಾಯಿತು. ದುಡಿಯುವವರಿಗೆ ‘ಹ್ಯಾಂಡ್ಸ್’, ಅಂದರೆ ಬರೀ ಕೈಗಳು, ಎಂಬ ಹೆಸರು ಉಳಿಯಿತು. ಚಾರ್ಲ್ಸ್ ಡಿಕನ್ಸ್ 1854ರ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಈ ಕರೆಯ ಅಮಾನವೀಯತೆಯನ್ನು ಎತ್ತಿ ತೋರಿಸಿದ. ಕಾರ್ಲ್ ಮಾರ್ಕ್ಸ್ 1867ರ ‘ಬಂಡವಾಳ’ದಲ್ಲಿ ಹಳೆಯ ಅರ್ಥವನ್ನೇ ಹಿಡಿದು, ಕೈಕೆಲಸದ ಶ್ರಮವಿಭಜನೆಯನ್ನು ಮಾತ್ರ ಈ ಹೆಸರಿನಿಂದ ಕರೆದು, ಯಂತ್ರೋದ್ಯಮವನ್ನು ಅದರಿಂದ ಬೇರ್ಪಡಿಸಿದ.

ಜರ್ಮನ್ ಭಾಷೆ ಮಾತ್ರ ಕೈಯನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. 1710ರಲ್ಲಿ ಸ್ಥಾಪನೆಯಾದ ಮೈಸೆನ್‌ನ ಪಿಂಗಾಣಿ ತಯಾರಿಕಾ ಸಂಸ್ಥೆ ಇಂದಿಗೂ ‘ಮಾನುಫಾಕ್ಟೂರ್’.

ಇದೇ ಕುಲದ ‘ಫ್ಯಾಕ್ಟರಿ’ಯ ದಾರಿ ಬೇರೆ. ಕಾರವಾರದಲ್ಲಿ 17ನೆಯ ಶತಮಾನದಲ್ಲಿದ್ದ ಇಂಗ್ಲಿಷರ ಫ್ಯಾಕ್ಟರಿಯು ಸರಕು ತಯಾರಿಸುವ ಕಾರ್ಖಾನೆಯಲ್ಲ. ಮೆಣಸು, ಬಟ್ಟೆ ಕೊಂಡು ಸಾಗಿಸುವ ವ್ಯಾಪಾರಿ ಕೋಠಿ. ಅಲ್ಲಿನ ವ್ಯಾಪಾರ ಪ್ರತಿನಿಧಿಗೆ ‘ಫ್ಯಾಕ್ಟರ್’ ಎನ್ನುತ್ತಿದ್ದರು.

ವಸ್ತುಗಳಿಂದಾಚೆಗೂ ಪದ ಹಬ್ಬಿದೆ. ಇಂಗ್ಲಿಷಿನಲ್ಲಿ ನೆಪವನ್ನೂ ಸಾಕ್ಷ್ಯವನ್ನೂ ‘ಮ್ಯಾನುಫ್ಯಾಕ್ಚರ್’ ಮಾಡಬಹುದು, ಅಂದರೆ ಹುಟ್ಟುಹಾಕಬಹುದು. ಜನರ ಸಮ್ಮತಿಯನ್ನು ತಯಾರಿಸುವ ಬಗ್ಗೆ ವಾಲ್ಟರ್ ಲಿಪ್‌ಮನ್ 1922ರಲ್ಲೇ ಬರೆದಿದ್ದ. ಎಡ್ವರ್ಡ್ ಹರ್ಮನ್ ಮತ್ತು ನೋಮ್ ಚಾಮ್‌ಸ್ಕಿ 1988ರಲ್ಲಿ ಅದನ್ನೇ ತಮ್ಮ ಪುಸ್ತಕದ ಹೆಸರಾಗಿಸಿದರು.

ಭಾರತದಲ್ಲಿ ಈ ಪದದ ಎಲ್ಲೆ ಗೊತ್ತುಮಾಡುವ ಹೊಣೆ ಹಲವು ಬಾರಿ ನ್ಯಾಯಾಲಯದ ಮೇಲೆ ಬಿದ್ದಿದೆ, ಏಕೆಂದರೆ ತೆರಿಗೆ ಅದನ್ನೇ ಅವಲಂಬಿಸಿತ್ತು. 1948ರ ಕಾರ್ಖಾನೆಗಳ ಕಾಯ್ದೆ ದುರಸ್ತಿ, ತೊಳೆಯುವಿಕೆ, ನೀರೆತ್ತುವಿಕೆಗಳನ್ನೂ ತಯಾರಿಕಾ ಪ್ರಕ್ರಿಯೆಗೆ ಸೇರಿಸಿತ್ತು. ಅಬಕಾರಿ ಸುಂಕದ ಮಟ್ಟಿಗೆ ಅಷ್ಟು ಸಾಲದು. ಬೇರೆ ಹೆಸರು, ಗುಣ, ಉಪಯೋಗವುಳ್ಳ ಹೊಸ ವಸ್ತುವೊಂದು ಹುಟ್ಟಬೇಕು ಎಂಬುದು ಡೆಲ್ಲಿ ಕ್ಲಾತ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಒರೆಗಲ್ಲು. ಕೇರಳದ ಮಾರಾಟ ತೆರಿಗೆಯ ವ್ಯಾಜ್ಯವೊಂದರಲ್ಲಿ, 1980ರಲ್ಲಿ, ಇಂಥದೇ ಪ್ರಶ್ನೆ ಅನಾನಸ್ ಹಣ್ಣಿನ ಬಗ್ಗೆ ಎದ್ದಿತು. ಸಿಪ್ಪೆ ತೆಗೆದು, ಹೋಳು ಮಾಡಿ, ಸಕ್ಕರೆ ಬೆರೆಸಿ ಡಬ್ಬಿಗೆ ತುಂಬಿದರೂ ಅನಾನಸ್ ಅನಾನಸ್ಸೇ ಎಂದು ನ್ಯಾಯಾಲಯ ತೀರ್ಪಿತ್ತಿತು.