ಬಂಡೆಯ ಹರಳು, ಚಪಡನ ಅಕ್ಷರ

ರಾಂಪುರದ ಸುತ್ತಣ ಗುಡ್ಡಗಳ ನಸುಗೆಂಪು ಹರಳುಗಳನ್ನು ಅಕ್ಕಸಾಲಿಗ ಮುಟ್ಟಲಾರ. ನನಗಾದರೋ ಅವು ರತ್ನಗಳಿಗಿಂತ ಹೆಚ್ಚು. ಅವು ಫೆಲ್ಡ್‌ಸ್ಪಾರ್. ರಾಮನಗರದ ಕಡೆಯಿಂದ ಮೊಳಕಾಲ್ಮೂರಿನತ್ತ ಚಾಚಿದ ಈ ಶಿಲೆಗೆ, ರಾಮನಗರದ ಹಳೆಯ ಹೆಸರಿನಿಂದ, ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಶಿಲಾರಸವು ನೆಲದಾಳದಲ್ಲಿ ಸಾವಕಾಶವಾಗಿ ಆರಿದುದರಿಂದ ಹರಳಿಗೆ ಬೆಳೆಯಲು ಬಿಡುವು ದೊರೆಯಿತು.

ಸಮೀಪದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿದ್ದ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಬರೆದು, 'ಲಿಪಿಕಾರ' ಎಂಬುದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೊರೆದ. ಎಲ್ಲಿಂದ ಬಂದವನೋ! ಗ್ರಾನೈಟಿನ ಬೆಣಚು ಮಳೆಗೆ ಜಗ್ಗದು. ಫೆಲ್ಡ್‌ಸ್ಪಾರ್ ಮಾತ್ರ ಮೆಲ್ಲನೆ ಜೇಡಿಯಾಗುತ್ತದೆ, ಅದರೊಡನೆ ಅಕ್ಷರದ ಅಂಚೂ.